ದೀಪಾವಳಿ ರಜೆಗೆ ನೇಪಾಳ: ಸೇವೆ, ಚಾರಣ ಮತ್ತು ಹದಿಹರೆಯದ ಮಕ್ಕಳು

ಗುಜರಾತ್ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ದೀಪಾವಳಿಗೆ 21 ದಿನ ರಜೆ. ಅಹಮದಾಬಾದಿನ ಇಸ್ರೋ ಕೇಂದ್ರದಲ್ಲಿ, ವಡೋದರೆಯ ಕೊಯಲಿ ರಿಫೈನರಿಯಲ್ಲಿ, ಸೂರತ್ ಪಕ್ಕದ ಹಜೀರಾ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡದ ಮನೆಗಳವರು ಆ ರಜೆಗೆ ಊರಿನ ಟಿಕೆಟ್ ತೆಗೆಸುವುದು ವಾಡಿಕೆ. ಈಗ ಅದೇ ರಜೆಗೆ ಇನ್ನೊಂದು ಆಮಂತ್ರಣವೂ ಬರುವುದುಂಟು: ನೇಪಾಳದಲ್ಲಿ ಒಂದು ವಾರ ಸ್ವಯಂಸೇವೆ, ಐದು ದಿನ ಚಾರಣ, ಕೊನೆಗೊಂದು ಪ್ರಮಾಣಪತ್ರ. ಕಾಲವೇನೋ ಚೆನ್ನಾಗಿದೆ. ಮಳೆ ನಿಂತು ಆಕಾಶ ತಿಳಿಯಾಗಿ, ಹಿಮಶಿಖರಗಳು ಬೆಳಗಿನಿಂದಲೇ ಕಾಣುವ ಅಕ್ಟೋಬರ್-ನವೆಂಬರ್ ನೇಪಾಳದ ಚಾರಣಕ್ಕೆ ಹೇಳಿಮಾಡಿಸಿದ ತಿಂಗಳುಗಳು. ಕೇಂದ್ರೀಯ ವಿದ್ಯಾಲಯದ ಮಕ್ಕಳ ರಜೆಯ ಲೆಕ್ಕ ಬೇರೆ. ಅವರು ಬೇಸಿಗೆಯಲ್ಲಿ ಹಿಮಾಚಲದ ಕಡೆ ನೋಡುವುದೇ ವಾಸಿ.

ಚಾರಣ ಮತ್ತು ಸೇವೆ ಒಂದೇ ಕರಪತ್ರದಲ್ಲಿ ಬಂದರೂ ಅವನ್ನು ಪರೀಕ್ಷಿಸುವ ಬಗೆ ಬೇರೆಬೇರೆ. ಚಾರಣಕ್ಕೆ ಬೇಕಾದ ತಯಾರಿಯೆಲ್ಲ ಗುಜರಾತಿನಲ್ಲೇ ಆಗುತ್ತದೆ. ಸೇವೆಯ ವಿಷಯದಲ್ಲಿ ಮಾತ್ರ ಅಪ್ಪ-ಅಮ್ಮ ಕಣ್ಣು ಕಿರಿದು ಮಾಡಿ ನೋಡಬೇಕು.

ಮೊದಲು ಸೇವೆಯ ಮಾತು. ನಮ್ಮ ದೀಪಾವಳಿಯ ದಿನಗಳಲ್ಲೇ ನೇಪಾಳದಲ್ಲಿ ತಿಹಾರ್, ಅದಕ್ಕೆ ಮೊದಲು ದಶೈಂ. ಅಲ್ಲಿನ ಶಾಲೆಗಳೂ ಹಬ್ಬದ ದಿನಗಳಲ್ಲಿ ಬಾಗಿಲು ಹಾಕಿರುತ್ತವೆ. ಹಾಗಾಗಿ ದೀಪಾವಳಿಯ ವಾರದಲ್ಲೇ ‘ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಪಾಠ’ ಮಾಡಿಸುತ್ತೇವೆ ಎನ್ನುವವರನ್ನು ಯಾವ ಶಾಲೆ, ಯಾವ ದಿನಾಂಕ ಎಂದು ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೇ ಬಿಡಬಹುದು. ಶಾಲೆ ತೆರೆದಿದ್ದರೂ, ಹತ್ತನೇ ತರಗತಿಯ ಹುಡುಗನೊಬ್ಬ ಐದು ದಿನ ನಿಂತು ಪಾಠ ಹೇಳಿ ಬರುವುದರಿಂದ ಆ ಮಕ್ಕಳಿಗೆ ಏನು ಸಿಕ್ಕೀತು?

ಅನಾಥಾಶ್ರಮದ ಭೇಟಿಯಂತೂ ಬೇಡವೇ ಬೇಡ. ನೇಪಾಳದ ಮಕ್ಕಳ ಆಶ್ರಮಗಳು ಕಠ್ಮಂಡು, ಪೋಖರಾ, ಚಿತವನದಂಥ ಪ್ರವಾಸಿ ಜಿಲ್ಲೆಗಳಲ್ಲೇ ಕಿಕ್ಕಿರಿದಿರುವುದನ್ನು ಯುನಿಸೆಫ್ ಸೇರಿದಂತೆ ಹಲವರು ಎತ್ತಿ ತೋರಿಸಿದ್ದಾರೆ. ಅಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಓದಿಸುತ್ತೇವೆಂದು ನಂಬಿಸಿ ದೂರದ ಬೆಟ್ಟದ ಹಳ್ಳಿಗಳಿಂದ ಮಕ್ಕಳನ್ನು ಕರೆತರುವ ದಲ್ಲಾಳಿಗಳಿದ್ದಾರೆ. ದಾನ ಕೊಡುವ ಅತಿಥಿ ಹೆಚ್ಚಿದಷ್ಟೂ ತೋರಿಸಲು ಮಕ್ಕಳು ಬೇಕಾಗುತ್ತಾರೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾಯ್ದೆ ತಂದಾಗ ಇದೂ ಆ ಚರ್ಚೆಯ ಭಾಗವಾಗಿತ್ತು. ನಿಮ್ಮ ಮಗಳು ಅಲ್ಲಿ ಒಂದು ಮಧ್ಯಾಹ್ನ ಮಗುವನ್ನೆತ್ತಿಕೊಂಡು ಫೋಟೊ ತೆಗೆಸಿಕೊಂಡರೆ ಆ ವ್ಯಾಪಾರಕ್ಕೆ ಅವಳದೂ ಒಂದು ಚಂದಾ ಸಂದಂತೆ.

ಹಾಗಾದರೆ ಒಪ್ಪಬಹುದಾದ ಕೆಲಸ ಯಾವುದು? ಮೈಬಗ್ಗಿಸಿ ಮಾಡುವಂಥದ್ದು, ಊರಿನವರೇ ಮುಂದೆ ನಿಂತು ಮಾಡಿಸುವಂಥದ್ದು. ದಾರಿಯ ಕಲ್ಲು ಸರಿಪಡಿಸುವುದು, ಕಸ ಹೆಕ್ಕಿ ಬೇರ್ಪಡಿಸುವುದು, ಸಸಿಮಡಿ, ನೀರಿನ ಕೊಳವೆಗೆ ಅಗೆತ. ಇದಕ್ಕೆ ಒಳ್ಳೆಯ ವಂಶಾವಳಿಯೂ ಇದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೆರ್ ಸೆರೆಸೋಲ್ 1920ರಲ್ಲಿ, ಮೊದಲ ಮಹಾಯುದ್ಧ ನೆಲಸಮ ಮಾಡಿದ ಫ್ರಾನ್ಸಿನ ಹಳ್ಳಿಯೊಂದನ್ನು ಕಟ್ಟಲು ಹಲವು ದೇಶಗಳವರನ್ನು ಸೇರಿಸಿದ. ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಹುಟ್ಟಿದ್ದು ಹಾಗೆ. 1934ರ ಜನವರಿಯಲ್ಲಿ ನೇಪಾಳ-ಬಿಹಾರಗಳನ್ನು ಭೂಕಂಪ ನಡುಗಿಸಿದ ಮೇಲೆ ಆತ ಬಿಹಾರಕ್ಕೂ ಬಂದು ದುಡಿದ. ಇಂದಿಗೂ ಈ ಬಗೆಯ ಶ್ರಮಶಿಬಿರಗಳು ಎರಡು-ಮೂರು ವಾರ ನಡೆಯುತ್ತವೆ, ಹೆಚ್ಚಿನವು 18 ತುಂಬಿದವರಿಗೆ. ಕಿರಿಯರಿಗೆ ಪ್ರತ್ಯೇಕ ಶಿಬಿರ ಬೇಕು, ಇಲ್ಲವೇ ಶಾಲೆಯ ತಂಡವಾಗಿ ಶಿಕ್ಷಕರೊಂದಿಗೆ ಹೋಗಬೇಕು. ಸೇವೆಗೆ ನಾವೇ ದುಡ್ಡು ಕೊಡಬೇಕೇ ಎಂದು ಗುಜರಾತಿನಲ್ಲಿ ಬೆಳೆದ ಮಕ್ಕಳು ತಟ್ಟನೆ ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ. ಊಟ, ಹಾಸಿಗೆ, ಉಸ್ತುವಾರಿಯ ಖರ್ಚು ಕೊಡಬೇಕಾದ್ದೇ. ಅದರಲ್ಲಿ ಹಳ್ಳಿಗೆ ಎಷ್ಟು, ಸಂಘಟಕರಿಗೆ ಎಷ್ಟು ಎಂಬ ಲೆಕ್ಕ ಕಾಗದದಲ್ಲಿ ಪಡೆಯಿರಿ. ಮಕ್ಕಳ ಜೊತೆ ರಾತ್ರಿ ಉಳಿಯುವ ದೊಡ್ಡವರು ಯಾರು, ಅವರ ಹಿನ್ನೆಲೆಯನ್ನು ಪರಿಶೀಲಿಸಿದವರು ಯಾರು, ಹುಡುಗಿಯರಿದ್ದರೆ ಶಿಕ್ಷಕಿ ಇದ್ದಾರೆಯೇ? ಮುಜುಗರಪಡದೆ ಕೇಳಿ.

ಶಾಲೆಯಲ್ಲಿ ಡ್ಯೂಕ್ ಆಫ್ ಎಡಿನ್‌ಬರೊ ಹೆಸರಿನ ಅಂತಾರಾಷ್ಟ್ರೀಯ ಯುವ ಪ್ರಶಸ್ತಿಯ ಯೋಜನೆ ಇದ್ದರೆ ಈ ಗೊಂದಲ ಅರ್ಧ ಕಡಿಮೆ. ಬ್ರಿಟನ್ನಿನಲ್ಲಿ 1956ರಲ್ಲಿ ಆರಂಭವಾದ ಈ ಯೋಜನೆ ಭಾರತಕ್ಕೆ 1962ರಲ್ಲಿ ಬಂತು. 14 ತುಂಬಿದವರು ಕಂಚಿನ ಹಂತಕ್ಕೆ ಸೇರಬಹುದು. ಸೇವೆ, ಕೌಶಲ, ದೇಹಶ್ರಮ, ಸಾಹಸಯಾತ್ರೆ ಎಂಬ ನಾಲ್ಕು ಭಾಗ. ಇದರಲ್ಲಿ ಸೇವೆ ಒಂದು ವಾರದ್ದಲ್ಲ, ತಿಂಗಳುಗಟ್ಟಲೆ ವಾರವಾರ ಮಾಡುವಂಥದ್ದು, ಅದೂ ಮನೆಯ ಹತ್ತಿರವೇ. ಅಹಮದಾಬಾದಿನಲ್ಲಿ ಗಾಂಧಿ ಆಶ್ರಮದ ಆವರಣದಲ್ಲಿ ಬೆಳೆದ ಮಾನವ ಸಾಧನಾ ಸಂಸ್ಥೆ ಸ್ವಯಂಸೇವಕರಿಗೆ ಹೊಸದಲ್ಲ. ಜನವರಿ 10ರಿಂದ 20ರವರೆಗೆ, ಉತ್ತರಾಯಣದ ಗಾಳಿಪಟದ ಮಾಂಜಾಕ್ಕೆ ರೆಕ್ಕೆ ಕೊಯ್ದುಕೊಂಡ ಹಕ್ಕಿಗಳನ್ನು ಉಳಿಸಲು ರಾಜ್ಯವಿಡೀ ಕರುಣಾ ಅಭಿಯಾನ ನಡೆಯುತ್ತದೆ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ನಗರಗಳಲ್ಲಿ ಎಳೆಯ ಕೈಗಳಿಗೆ ಕೆಲಸವಿದೆ. ಇಲ್ಲಿ ಒಂದು ವರ್ಷ ಬೆವರು ಸುರಿಸಿದವರಿಗೆ ನೇಪಾಳದಲ್ಲಿ ಏನು ಮಾಡಬೇಕು, ಯಾವುದಕ್ಕೆ ಕೈಹಾಕಬಾರದು ಎಂಬುದು ತಾನಾಗಿಯೇ ಗೊತ್ತಾಗಿರುತ್ತದೆ.

ಇನ್ನು ಬೆಟ್ಟ. ಮೊದಲ ಸಲದ ಹದಿಹರೆಯದವರಿಗೆ ಅನ್ನಪೂರ್ಣ ಬೇಸ್ ಕ್ಯಾಂಪಿನ 4,130 ಮೀಟರ್ ಬೇಡ, ಪೂನ್‌ಹಿಲ್ ಸಾಕು. ಪೋಖರಾದಿಂದ ಹೊರಟು ಉಲ್ಲೇರಿಯ ಮೂರು ಸಾವಿರಕ್ಕೂ ಮಿಕ್ಕ ಕಲ್ಲಿನ ಮೆಟ್ಟಿಲು ಹತ್ತಿ, ಸುಮಾರು 2,860 ಮೀಟರಿನ ಘೋರೆಪಾನಿಯಲ್ಲಿ ತಂಗಿ, ನಸುಕಿಗೆ 3,210 ಮೀಟರಿನ ಪೂನ್‌ಹಿಲ್ ಏರಿದರೆ ಧವಳಗಿರಿ, ಅನ್ನಪೂರ್ಣ ಎರಡೂ ಎದುರಿಗೆ. ಇಳಿಯುವುದು ಗುರುಂಗ್ ಜನರ ಘಂದ್ರುಕ್ ಹಳ್ಳಿಯ ಮೇಲೆ. ನಾಲ್ಕೈದು ದಿನದ ದಾರಿ.

ಮೆಟ್ಟಿಲ ಅಭ್ಯಾಸಕ್ಕೆ ಗುಜರಾತಿಗಿಂತ ಒಳ್ಳೆಯ ನಾಡಿಲ್ಲ. ಜೂನಾಗಢದ ಗಿರ್ನಾರಕ್ಕೆ ಹತ್ತು ಸಾವಿರದ ಹತ್ತಿರ ಮೆಟ್ಟಿಲು. ಚಳಿಗಾಲದಲ್ಲಿ ಅಲ್ಲಿ ನಡೆಯುವ ಹತ್ತಿ-ಇಳಿಯುವ ಸ್ಪರ್ಧೆಯಲ್ಲಿ 14ರಿಂದ 18ರವರಿಗೆ ಪ್ರತ್ಯೇಕ ವಿಭಾಗವೇ ಇದೆ. 2020ರ ಅಕ್ಟೋಬರಿನಿಂದ ರೋಪ್‌ವೇ ಓಡುತ್ತಿದೆ, ಅದರ ಕಡೆ ನೋಡಬೇಡಿ. ಇಳಿಯುವುದಕ್ಕಂತೂ ಅದನ್ನು ಹತ್ತಲೇಬೇಡಿ, ಮೊಣಕಾಲು ಕೈಕೊಡುವುದು ಇಳಿಜಾರಿನಲ್ಲೇ, ಅಭ್ಯಾಸವೂ ಅಲ್ಲೇ ಆಗಬೇಕು. ವಡೋದರೆಯವರಿಗೆ ಪಾವಾಗಢ ಭಾನುವಾರದ ಬೆಳಗಿನ ದೂರ. ಸೂರತ್ತಿನವರಿಗೆ ಡಾಂಗ್ ಜಿಲ್ಲೆಯ ಸಾಪುತಾರಾ, ಅಹಮದಾಬಾದಿನವರಿಗೆ ಸಾಬರಕಾಂಠಾದ ಪೋಲೋ ಕಾಡು.

ಹಗ್ಗ, ಬಂಡೆ ಕಲಿಯಬೇಕೆಂದರೆ ಆಬು ಬೆಟ್ಟದ ಸ್ವಾಮಿ ವಿವೇಕಾನಂದ ಪರ್ವತಾರೋಹಣ ಸಂಸ್ಥೆಗೆ ಹೋಗಬೇಕು. ಅದನ್ನು ನಡೆಸುವುದು ಗುಜರಾತ್ ಸರ್ಕಾರ, ಆದರೆ ಇರುವುದು ರಾಜಸ್ಥಾನದಲ್ಲಿ. ನಮ್ಮ ನಾಡು ಒಂದಾದ 1956ರ ನವೆಂಬರ್ 1ರಂದೇ ಆಬು ಮುಂಬೈ ರಾಜ್ಯದ ಕೈತಪ್ಪಿ ರಾಜಸ್ಥಾನಕ್ಕೆ ಹೋಯಿತು, ಗುಜರಾತಿಗಳು ಮಾತ್ರ ಆ ಬೆಟ್ಟವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ! ಬಯಲಿನವರಿಗೇಕೆ ಪರ್ವತ ಎನ್ನುವ ಅಜ್ಜಿಯರಿಗೆ ಸೂರತ್ತಿನ ಅದಿತಿ, ಅನುಜಾ ವೈದ್ಯ ಸೋದರಿಯರ ಹೆಸರು ಹೇಳಿ. 2019ರ ಮೇ ತಿಂಗಳಲ್ಲಿ ಅವರು ಎವರೆಸ್ಟ್ ಏರಿದರು. ಅದಕ್ಕೂ ಹಿಂದಿನವರು ಬೇಕೆಂದರೆ ಕಾಕಾ ಕಾಲೇಲ್ಕರ್ ಇದ್ದಾರೆ. ಬೆಳಗಾವಿ, ಕಾರವಾರಗಳಲ್ಲಿ ಬಾಲ್ಯ ಕಳೆದವರು, ವಡೋದರೆಯ ಗಂಗನಾಥ ವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದವರು. ಶಾಲೆ ಮುಚ್ಚಿದ ಮೇಲೆ 1912ರಲ್ಲಿ ಹಿಮಾಲಯಕ್ಕೆ ನಡೆದೇ ಹೋದರು, ಆ ಯಾತ್ರೆಯ ಪುಸ್ತಕವನ್ನು ಗುಜರಾತಿಯಲ್ಲಿ ಬರೆದರು.

ಕಾಲು ಗಟ್ಟಿಯಾದ ಮಾತ್ರಕ್ಕೆ ಎತ್ತರ ಸುಮ್ಮನಿರುವುದಿಲ್ಲ. ಈ ಮೂರೂ ನಗರಗಳು ಸಮುದ್ರಮಟ್ಟಕ್ಕೆ ಹತ್ತಿರ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ಊಟ ಸೇರದಿರುವುದು ಯಾರಿಗಾದರೂ ಬರಬಹುದು, ಆಟದಲ್ಲಿ ಮೊದಲಿಗನಾದವನಿಗೂ. ಹದಿಹರೆಯದವರ ತೊಂದರೆ ಏನೆಂದರೆ, ಗೆಳೆಯರ ಮುಂದೆ ಅವರು ಬಾಯಿಬಿಡುವುದಿಲ್ಲ. ದಿನಾ ಸಂಜೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳುವ ದೊಡ್ಡವರು ತಂಡದಲ್ಲಿರಬೇಕು. ಲಕ್ಷಣ ಇದ್ದರೆ ಮೇಲೇರುವಂತಿಲ್ಲ, ಹೆಚ್ಚಾದರೆ ಅದೇ ಹೊತ್ತಿಗೆ ಕೆಳಗಿಳಿಸಬೇಕು. ವಿಮೆ ತೆಗೆಯುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ, ಹೆಲಿಕಾಪ್ಟರ್ ಖರ್ಚು ಸೇರಿದೆಯೇ ಎಂಬ ಎರಡು ಸಾಲನ್ನು ಓದದೆ ಸಹಿ ಹಾಕಬೇಡಿ.

ಕಾಗದಪತ್ರದಲ್ಲಿ ಎಡವುವವರೇ ಹೆಚ್ಚು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ ಎಂಬುದು ನಿಜ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು. ಆಧಾರ್ 15 ತುಂಬದವರಿಗೆ, 65 ದಾಟಿದವರಿಗೆ ಮಾತ್ರ ನಡೆಯುತ್ತದೆ. ನಡುವೆ ಸಿಕ್ಕಿಕೊಳ್ಳುವವರು 15ರಿಂದ 18ರ ಮಕ್ಕಳು, ಅಂದರೆ ನಮ್ಮ ಚಾರಣಿಗರೇ. ಅವರಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪ್ರಮಾಣಪತ್ರ ಬೇಕು. ಅದನ್ನು ರಜೆಗೆ ಶಾಲೆ ಮುಚ್ಚುವ ಮೊದಲೇ ಪಡೆದಿಡಿ. ತಂದೆತಾಯಿ ಜೊತೆಗಿಲ್ಲದಿದ್ದರೆ ಇಬ್ಬರ ಸಹಿಯುಳ್ಳ ಒಪ್ಪಿಗೆಪತ್ರವನ್ನೂ ನೋಟರಿ ಮಾಡಿಸಿ ಕೊಟ್ಟಿರಿ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ಬೇರೆ ವಿದೇಶೀಯರಿಗೆ 3,000 ನೇಪಾಳಿ ರೂಪಾಯಿ, ಸಾರ್ಕ್ ದೇಶಗಳವರಿಗೆ 1,000. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60. ನೂರರ ನೋಟುಗಳನ್ನೇ ಹೆಚ್ಚು ಒಯ್ಯಿರಿ.

ಊಟದ ವಿಷಯ: ಥೇಪ್ಲಾ, ಖಾಖ್ರಾ ಕಟ್ಟಿಕೊಂಡು ಹೋಗುವುದರಲ್ಲಿ ತಪ್ಪಿಲ್ಲ, ಚಟ್ನಿಪುಡಿಯೂ ಇರಲಿ. ದಾರಿಯ ಮನೆಗಳಲ್ಲಿ ದಾಲ್-ಭಾತ್ ಕೇಳಿದಷ್ಟು ಬಡಿಸುತ್ತಾರೆ. ಈರುಳ್ಳಿ, ಆಲೂಗಡ್ಡೆ ತಿನ್ನದ ಜೈನ ಗೆಳೆಯರು ತಂಡದಲ್ಲಿದ್ದರೆ ಮುಂದಾಗಿ ತಿಳಿಸಬೇಕು, ಏಕೆಂದರೆ ಬೆಟ್ಟದ ಅಡುಗೆಮನೆ ನಿಂತಿರುವುದೇ ಆಲೂಗಡ್ಡೆಯ ಮೇಲೆ. ಮಕ್ಕಳು ತಮ್ಮ ಚೀಲ ತಾವೇ ಹೊರಲಿ, ಐದಾರು ಕಿಲೊ ಮೀರದಂತೆ. ಉಳಿದದ್ದಕ್ಕೆ ಹಮಾಲರನ್ನು ಗೊತ್ತುಮಾಡಿದರೆ ಅವರ ಬೂಟು, ಜಾಕೆಟ್, ವಿಮೆ ಯಾರ ಹೊಣೆ ಎಂದು ಹೊರಡುವ ಮುನ್ನವೇ ಸಂಘಟಕರಿಂದ ಬರೆಸಿಕೊಳ್ಳಿ. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸೋನೌಲಿ ಗಡಿ ದಾಟಿ ಬಸ್ಸು ಹಿಡಿಯುವ ಲೆಕ್ಕದಲ್ಲಿದ್ದರೆ, ಹಬ್ಬ ಮುಗಿಸಿ ಛಠ್ ಪೂಜೆಗೆ ಹೊರಡುವ ಉತ್ತರ ಪ್ರದೇಶ, ಬಿಹಾರದ ಕಾರ್ಮಿಕರಿಂದ ಸೂರತ್ ನಿಲ್ದಾಣ ಆ ವಾರ ತುಂಬಿ ತುಳುಕುತ್ತಿರುತ್ತದೆ. ಟಿಕೆಟ್ ಬುಕಿಂಗ್ ತೆರೆದ ದಿನವೇ ಕಾದಿರಿಸಿ, ವಾಪಸಿಗೆ ಶಾಲೆ ತೆರೆಯುವ ಮೊದಲು ಎರಡು ದಿನ ಖಾಲಿ ಬಿಡಿ.