ನಿಮ್ಮ ಹೆಸರು ಹಿಡಿದು ನಿಮ್ಮನ್ನೇ ಕರೆಯಿರಿ

2012ರ ಸೆಪ್ಟೆಂಬರ್ 10. ನ್ಯೂಯಾರ್ಕ್‌ನಲ್ಲಿ ಅಮೆರಿಕ ಓಪನ್ ಟೆನಿಸ್ ಫೈನಲ್. ಸ್ಕಾಟ್ಲೆಂಡಿನ ಆ್ಯಂಡಿ ಮರ್ರೆ ಮೊದಲ ಎರಡು ಸೆಟ್ ಗೆದ್ದು, ನಂತರದ ಎರಡನ್ನು ನೊವಾಕ್ ಜೊಕೊವಿಚ್‌ಗೆ ಬಿಟ್ಟುಕೊಟ್ಟಿದ್ದರು. ಅದಕ್ಕೂ ಮುಂಚೆ ನಾಲ್ಕು ಗ್ರ್ಯಾಂಡ್‌ಸ್ಲಾಮ್ ಫೈನಲ್ ಆಡಿ ನಾಲ್ಕರಲ್ಲೂ ಸೋತವರು ಅವರು. ಐದನೇ ಸೆಟ್‌ಗೆ ಮೊದಲು ಬಿಡುವು ಪಡೆದು ಶೌಚಾಲಯಕ್ಕೆ ಹೋದರು. ಕನ್ನಡಿಯಲ್ಲಿ ಬೆವರು ಇಳಿಯುತ್ತಿದ್ದ ತಮ್ಮ ಮುಖ ನೋಡುತ್ತಾ ಗಟ್ಟಿಯಾಗಿ ಮಾತಾಡತೊಡಗಿದೆ ಎಂದು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಈ ಪಂದ್ಯವನ್ನು ನೀನು ಸೋಲುವುದಿಲ್ಲ ಎಂಬುದು ಆ ಮಾತಿನ ತಿರುಳು. ಹೊರಗೆ ಬಂದು ಐದನೇ ಸೆಟ್ಟನ್ನು 6-2ರಿಂದ ಗೆದ್ದರು. 1936ರ ಫ್ರೆಡ್ ಪೆರಿ ನಂತರ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದ ಮೊದಲ ಬ್ರಿಟಿಷ್ ಪುರುಷ ಆಟಗಾರ ಎನಿಸಿದರು.

ಪಂದ್ಯ ಗೆದ್ದದ್ದು ಆ ಮಾತೊಂದರಿಂದಲೇ ಎಂದು ಯಾರೂ ಹೇಳಲಾರರು. ಆದರೆ ಒಂದು ಸಂಗತಿ ಗಮನಿಸಬೇಕು. ಅವರು ತಮಗೆ ‘ನಾನು’ ಎಂದುಕೊಳ್ಳಲಿಲ್ಲ, ‘ನೀನು’ ಎಂದುಕೊಂಡರು. ಇಷ್ಟು ಸಣ್ಣ ವ್ಯತ್ಯಾಸದಲ್ಲಿ ಏನಿದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಹುಡುಕಿದ್ದಾರೆ.

ಒಬ್ಬರೇ ಮಾತಾಡಿಕೊಳ್ಳುವವರನ್ನು ಕಂಡರೆ ನಮ್ಮಲ್ಲಿ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗೆ ನೋಡಬೇಕಾದ್ದೇನೂ ಇಲ್ಲ. ಮೂರು ನಾಲ್ಕು ವರ್ಷದ ಮಗು ಆಟದ ಇಟ್ಟಿಗೆ ಜೋಡಿಸುವಾಗ ಸುಮ್ಮನೆ ಕೂತಿರುವುದಿಲ್ಲ. ‘ಇದು ಇಲ್ಲಿ, ಅಲ್ಲಲ್ಲ, ದೊಡ್ಡದು ಕೆಳಗೆ’ ಎಂದು ಹೇಳಿಕೊಳ್ಳುತ್ತಲೇ ಇರುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇದನ್ನು ಇನ್ನೊಬ್ಬರ ದೃಷ್ಟಿ ಅರಿಯದ ಎಳೆತನದ ಮಾತು ಎಂದು ಭಾವಿಸಿದ್ದರು. ರಷ್ಯಾದ ಲೆವ್ ವೈಗೋಟ್‌ಸ್ಕಿ ಒಪ್ಪಲಿಲ್ಲ. ಕೆಲಸಕ್ಕೆ ಅಡ್ಡಿ ಬಂದಾಗ ಮಕ್ಕಳ ಈ ಮಾತು ಹೆಚ್ಚಾಗುವುದನ್ನು ಅವರು ಕಂಡಿದ್ದರು. ಅಪ್ಪ ಅಮ್ಮ ಹೇಳಿಕೊಡುವ ಮಾತನ್ನೇ ಮಗು ಮೊದಲು ಗಟ್ಟಿಯಾಗಿ ತನಗೆ ಹೇಳಿಕೊಳ್ಳುತ್ತದೆ, ಬೆಳೆದಂತೆ ಅದೇ ಒಳಮಾತಾಗುತ್ತದೆ ಎಂಬುದು ಅವರ ವಿವರಣೆ. 1934ರಲ್ಲಿ, ಅವರು ತೀರಿಕೊಂಡ ವರ್ಷವೇ, ಈ ವಿಚಾರಗಳ ಪುಸ್ತಕ ಹೊರಬಂತು. ದೊಡ್ಡವರಾದ ಮೇಲೂ ಕಷ್ಟದ ಕೆಲಸ ಎದುರಾದಾಗ ಒಳಮಾತು ಮತ್ತೆ ತುಟಿಗೆ ಬರುತ್ತದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೊದಲ ವಾರ ಕೂತವರನ್ನು ಗಮನಿಸಿ: ‘ಕ್ಲಚ್ ಒತ್ತು, ಫಸ್ಟ್ ಗೇರ್, ಕನ್ನಡಿ ನೋಡು, ಕ್ಲಚ್ ನಿಧಾನ ಬಿಡು.’ ಕೈಕಾಲು ಪಳಗಿದ ಮೇಲೆ ಆ ಮಾತು ತಾನಾಗಿಯೇ ನಿಲ್ಲುತ್ತದೆ.

ರೈಲ್ವೆಯಲ್ಲಿ ಮಾತ್ರ ಅದನ್ನು ನಿಲ್ಲಲು ಬಿಡುವುದಿಲ್ಲ. ಎಂಜಿನ್ ಕ್ಯಾಬಿನಲ್ಲಿರುವ ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್, ಮುಂದೆ ಕಾಣುವ ಸಿಗ್ನಲ್ ಯಾವ ಬಣ್ಣದಲ್ಲಿದೆ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಕೂಗಿ ಹೇಳಲೇಬೇಕು. ಎಷ್ಟು ವರ್ಷದ ಅನುಭವವಿದ್ದರೂ ಸರಿಯೇ. ಜಪಾನಿನ ರೈಲ್ವೆ ನೌಕರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಸಿಗ್ನಲ್ ಕಡೆಗೆ ಬೆರಳು ತೋರಿಸಿ ಕೂಗುತ್ತಾರೆ. ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ, ಸರಳ ಕೆಲಸವೊಂದರಲ್ಲಿ ನೂರಕ್ಕೆ 2.38ರಷ್ಟು ಆಗುತ್ತಿದ್ದ ತಪ್ಪು, ಬೆರಳು ತೋರಿಸಿ ಕೂಗಿದಾಗ 0.38ಕ್ಕೆ ಇಳಿಯಿತು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸಾಗುವವರು, ಹೊರಡುವ ಮುಂಚೆ ‘ಗ್ಯಾಸ್ ಆಫ್, ಬೀಗ ಹಾಕಿದೆ’ ಎಂದು ಗಟ್ಟಿಯಾಗಿ ಹೇಳಿ ನೋಡಬಹುದು.

ಇದು ಕೈಕೆಲಸದ ಮಾತಾಯಿತು. ಮನಸ್ಸೇ ಕುಸಿದಾಗ ತನಗೆ ತಾನು ಏನು ಹೇಳಿಕೊಳ್ಳಬೇಕು? ‘ಪಾಸಿಟಿವ್ ಆಗಿ ಯೋಚಿಸಿ’ ಎಂಬ ಸಲಹೆ ಈಗ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಬರುತ್ತದೆ. ಇದರ ಮೂಲಪುರುಷರಲ್ಲಿ ಒಬ್ಬರು ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕೂಎ. ದಿನದಿನಕ್ಕೂ ಎಲ್ಲ ರೀತಿಯಲ್ಲೂ ನಾನು ಉತ್ತಮನಾಗುತ್ತಿದ್ದೇನೆ ಎಂಬ ಅರ್ಥದ ಮಾತನ್ನು ದಿನಕ್ಕೆರಡು ಹೊತ್ತು ಇಪ್ಪತ್ತು ಸಲ ಹೇಳಿಕೊಳ್ಳಬೇಕು, ಲೆಕ್ಕಕ್ಕೆ ಇಪ್ಪತ್ತು ಗಂಟು ಹಾಕಿದ ದಾರ ಇಟ್ಟುಕೊಳ್ಳಬೇಕು ಎಂದು ಅವರು ಹೇಳುತ್ತಿದ್ದರು. 1920ರ ದಶಕದಲ್ಲಿ ಯುರೋಪ್, ಅಮೆರಿಕಗಳ ಜನ ಅವರಿಗೆ ಮುಗಿಬಿದ್ದರು.

ಈ ಬಗೆಯ ಜಪವನ್ನು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಗಂಟೆಯ ಸದ್ದಾದಾಗಲೆಲ್ಲ ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂದು ಹೇಳಿಕೊಳ್ಳುವಂತೆ ಕೆಲವರಿಗೆ ಸೂಚಿಸಲಾಗಿತ್ತು. ಮೊದಲೇ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಇದರಿಂದ ತುಸು ಹಿತವೆನಿಸಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರ ಮನಸ್ಸು, ಹಾಗೆ ಹೇಳಿಕೊಳ್ಳದೆ ಸುಮ್ಮನಿದ್ದ ಅಂಥವರಿಗಿಂತಲೂ ಹೆಚ್ಚು ಕುಗ್ಗಿತು. ಯಾರಿಗೆ ಧೈರ್ಯ ಬೇಕಿತ್ತೋ ಅವರಿಗೇ ಪೆಟ್ಟು. ನಂಬಿಕೆ ಇಲ್ಲದ ಹೊಗಳಿಕೆ ಕೇಳಿದಾಗ ಮನಸ್ಸು ‘ಎಲ್ಲಿ, ನನ್ನನ್ನು ಯಾರು ಪ್ರೀತಿಸಿದ್ದಾರೆ?’ ಎಂದು ಹಳೆಯ ಲೆಕ್ಕವನ್ನೆಲ್ಲ ತೆಗೆದು ಕೂರುತ್ತದೆ. ಬೇಜಾರಿನಲ್ಲಿರುವವರಿಗೆ ‘ಪಾಸಿಟಿವ್ ಆಗಿರು’ ಎಂದು ಪದೇ ಪದೇ ಹೇಳುವ ಮನೆಯವರು, ಮೇಷ್ಟರು ಈ ಫಲಿತಾಂಶವನ್ನು ತಿಳಿದಿರಲೇಬೇಕು.

ಹಾಗಾದರೆ ಯಾವುದು ಕೆಲಸಕ್ಕೆ ಬರುತ್ತದೆ?

ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಅವರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಹಳ ಮುಖ್ಯ. ನಿಮ್ಮ ಕನಸಿನ ಕೆಲಸಕ್ಕೆ ನೀವೇಕೆ ತಕ್ಕವರು ಎಂದು ಅಪರಿಚಿತರ ಮುಂದೆ ಭಾಷಣ ಮಾಡಬೇಕು, ತಯಾರಿಗೆ ಐದೇ ನಿಮಿಷ ಎಂದು ಭಾಗವಹಿಸಿದವರಿಗೆ ಹೇಳಲಾಯಿತು. ಅರ್ಧದಷ್ಟು ಜನ ತಮ್ಮ ಅಳುಕಿನ ಬಗ್ಗೆ ‘ನನಗೇಕೆ ಹೀಗಾಗುತ್ತಿದೆ?’ ಎಂದು ಯೋಚಿಸಬೇಕಿತ್ತು, ಉಳಿದವರು ತಮ್ಮದೇ ಹೆಸರು ಹಿಡಿದು ‘ನಿನಗೇಕೆ ಹೀಗಾಗುತ್ತಿದೆ?’ ಎಂದು. ಹೆಸರು ಹಿಡಿದು ಮಾತಾಡಿಸಿಕೊಂಡವರು ಉತ್ತಮವಾಗಿ ಮಾತಾಡಿದರು ಎಂದು ತೀರ್ಪುಗಾರರು ಅಂಕ ಕೊಟ್ಟರು. ಭಾಷಣ ಮುಗಿದ ಮೇಲೆ ಅದನ್ನೇ ಮೆಲುಕು ಹಾಕಿ ನಾಚಿಕೆಪಡುವುದೂ ಅವರಲ್ಲಿ ಕಡಿಮೆ ಇತ್ತು.

ಕಾರಣ ತೀರಾ ಗಹನವಾದುದಲ್ಲ. ಪಕ್ಕದ ಮನೆಯವರ ತೊಂದರೆಗೆ ಯಾರಾದರೂ ಥಟ್ಟನೆ ಪರಿಹಾರ ಹೇಳುತ್ತಾರೆ. ತಮ್ಮ ತೊಂದರೆ ಬಂದಾಗ ತಲೆ ಓಡುವುದಿಲ್ಲ. ಹೆಸರು ಹಿಡಿದು ಕರೆದ ಕೂಡಲೇ ಸಮಸ್ಯೆ ಒಂದು ಮಾರು ದೂರ ಸರಿಯುತ್ತದೆ, ತನ್ನ ವಿಷಯದಲ್ಲೂ ಸಲಹೆ ಹೇಳಲು ಜಾಗ ಸಿಗುತ್ತದೆ.

ಪಾಕಿಸ್ತಾನದ ಮಲಾಲಾ ಯೂಸುಫ್‌ಝೈ 2013ರಲ್ಲಿ ಅಮೆರಿಕದ ಟಿವಿ ಸಂದರ್ಶನವೊಂದರಲ್ಲಿ ಹೇಳಿದ್ದು ಇದಕ್ಕೆ ಕನ್ನಡಿ. ತಾಲಿಬಾನಿಗಳು ತನ್ನನ್ನು ಹುಡುಕುತ್ತಿದ್ದಾರೆ ಎಂದು ಗೊತ್ತಾದಾಗ, ತಾಲಿಬಾನಿಯೊಬ್ಬ ಬಂದರೆ ನೀನೇನು ಮಾಡುತ್ತೀ ಮಲಾಲಾ ಎಂದು ಆ ಹುಡುಗಿ ತನ್ನನ್ನೇ ಕೇಳಿಕೊಂಡಳಂತೆ. ಚಪ್ಪಲಿಯಲ್ಲಿ ಹೊಡೆ ಎಂಬ ಉತ್ತರ ಮೊದಲು ಬಂತು. ಹೊಡೆದರೆ ನಿನಗೂ ಅವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ, ಮಾತಿನಿಂದ ಎದುರಿಸಬೇಕು ಎಂಬ ಎರಡನೇ ಉತ್ತರ ಅದರ ಹಿಂದೆಯೇ ಬಂತು. ಪ್ರಶ್ನೆ, ದುಡುಕಿನ ಉತ್ತರ, ತಿದ್ದುಪಡಿ, ತೀರ್ಮಾನ ಎಲ್ಲವೂ ಆ ಒಂದು ಸಂವಾದದಲ್ಲಿದೆ.

ಕನ್ನಡಿಗರಿಗೆ ಈ ರೀತಿ ಹೊಸದಲ್ಲ. 1943ರಲ್ಲಿ ಹೊರಬಂದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದಲ್ಲಿ ಬದುಕಿನ ಪೇಚು, ಸೋಲು, ಸಂಶಯಗಳನ್ನೆಲ್ಲ ಹೇಳುವುದು ಮಂಕುತಿಮ್ಮ ಎಂಬ ಒಬ್ಬನಿಗೆ, ಅವನ ಹೆಸರು ಕರೆದು. ಆ ತಿಮ್ಮ ಬೇರೆ ಯಾರೂ ಅಲ್ಲ, ಕವಿಯೂ ಹೌದು, ಓದುಗನೂ ಹೌದು. ದಾಸರ ಪದಗಳಲ್ಲಿ ಮನಸ್ಸನ್ನೇ ಎದುರಿಗೆ ಕೂರಿಸಿ ಬುದ್ಧಿ ಹೇಳುವುದು ಅದಕ್ಕೂ ಎಷ್ಟೋ ಹಿಂದಿನದು.

ದಿನನಿತ್ಯದ ಒಂದು ಪೇಚನ್ನು ಹತ್ತಿರದಿಂದ ನೋಡೋಣ. ಸುಮಾ ಎಂಬ ಗೃಹಿಣಿ ಎಂದಿಟ್ಟುಕೊಳ್ಳಿ. ರಾತ್ರಿ ಹತ್ತೂವರೆಗೆ ಮಗನ ಶಾಲೆಯಿಂದ ಸಂದೇಶ: ಫೀಸಿನ ಎರಡನೇ ಕಂತು ಶನಿವಾರದೊಳಗೆ ಕಟ್ಟಬೇಕು. ಕೈಯಲ್ಲಿ ಅಷ್ಟು ಹಣವಿಲ್ಲ. ‘ನನ್ನ ಹಣೆಬರಹವೇ ಇಷ್ಟು, ಯಾವುದೂ ನೆಟ್ಟಗಾಗಲ್ಲ’ ಎಂದುಕೊಂಡರೆ ನಿದ್ದೆ ಹೋಗುತ್ತದೆ, ಹಣ ಬರುವುದಿಲ್ಲ. ‘ಎಲ್ಲ ಒಳ್ಳೇದಾಗುತ್ತೆ’ ಎಂದುಕೊಂಡರೆ ಕೇಳಲು ಹಿತ, ಶನಿವಾರ ಮಾತ್ರ ಬಂದೇ ಬರುತ್ತದೆ. ಈಗ ಮೂರನೆಯದು: ‘ಸುಮಾ, ಎಷ್ಟು ಕಮ್ಮಿ ಬೀಳುತ್ತೆ? ಎಂಟು ಸಾವಿರ. ಹೋದ ವರ್ಷ ಇದೇ ಥರ ಆದಾಗ ಏನು ಮಾಡಿದ್ದೆ? ಸಂಘದಲ್ಲಿ ಸಾಲ ತಗೊಂಡೆ, ತೀರಿಸಿದೆ. ನಾಳೆ ಬೆಳಿಗ್ಗೆ ಮಗನ್ನ ಬಿಡೋಕೆ ಹೋದಾಗ ಆಫೀಸಲ್ಲಿ ಹತ್ತು ದಿನ ಟೈಮ್ ಕೇಳು. ಕೊಡಲ್ಲ ಅಂದ್ರೆ ಸಂಘದ ಅಕ್ಕನಿಗೆ ಫೋನ್ ಮಾಡು.’ ಇಲ್ಲಿ ಹೊಗಳಿಕೆ ಒಂದಕ್ಷರವೂ ಇಲ್ಲ. ಲೆಕ್ಕ ಇದೆ, ಹಿಂದೆ ನಿಭಾಯಿಸಿದ ನೆನಪಿದೆ, ನಾಳೆಯ ಕೆಲಸವಿದೆ, ಅದು ಕೈಗೂಡದಿದ್ದರೆ ಇನ್ನೊಂದು ದಾರಿಯಿದೆ. ಪಾಸಿಟಿವ್ ಮಾತು ಎಂದರೆ ಇದೇ.

‘ಹಣೆಬರಹವೇ ಇಷ್ಟು’ ಎಂಬಂಥ ಮಾತು ಯೋಚಿಸುವ ಮುಂಚೆಯೇ ತಲೆಗೆ ಬಂದಿರುತ್ತದೆ. ಅಮೆರಿಕದ ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಲ್ಲಿ ಗುರುತಿಸಿದ್ದು ಈ ತಾನಾಗಿ ನುಗ್ಗುವ ಮಾತುಗಳನ್ನೇ. ಅವನ್ನು ಬಲವಂತವಾಗಿ ಓಡಿಸಲು ಅವರು ಹೇಳಲಿಲ್ಲ. ಇದಕ್ಕೆ ಸಾಕ್ಷಿ ಏನು, ಬೇರೆ ರೀತಿಯಲ್ಲಿ ನೋಡಲು ಆಗದೇ ಎಂದು ರೋಗಿಯೇ ವಿಚಾರಿಸುವುದನ್ನು ಕಲಿಸಿದರು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಚಿಕಿತ್ಸಾ ಪದ್ಧತಿಯೊಂದು ಅದರಿಂದ ಬೆಳೆಯಿತು.

ಹುರಿದುಂಬಿಸುವ ಮಾತು ಪೂರ್ತಿ ವ್ಯರ್ಥ ಎಂದಲ್ಲ. ದೇಹ ದಣಿದಾಗ ಅದಕ್ಕೆ ಬೆಲೆಯಿದೆ. 2014ರ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ತಾವೇ ಆರಿಸಿಕೊಂಡ ಉತ್ತೇಜನದ ಮಾತುಗಳನ್ನು ಎರಡು ವಾರ ರೂಢಿಸಿಕೊಂಡವರು, ಮೊದಲು ಸರಾಸರಿ 637 ಸೆಕೆಂಡಿಗೆ ಸುಸ್ತಾಗಿ ನಿಲ್ಲಿಸುತ್ತಿದ್ದ ಸೈಕಲ್ ತುಳಿತವನ್ನು 751 ಸೆಕೆಂಡಿನವರೆಗೆ ಎಳೆದರು. ಪರೀಕ್ಷೆ ಅಥವಾ ವೇದಿಕೆಯ ಮುಂಚೆ ಎದೆ ಹೊಡೆದುಕೊಳ್ಳುವಾಗ ‘ಶಾಂತವಾಗಿರು’ ಎಂದುಕೊಳ್ಳುವುದಕ್ಕಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಳ್ಳುವುದು ಮೇಲು ಎಂದು ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅದೇ ವರ್ಷ ತೋರಿಸಿದರು. ಬಡಿಯುತ್ತಿರುವ ಎದೆಯನ್ನು ತಕ್ಷಣ ತಣಿಸುವುದು ಕಷ್ಟ, ಆ ಬಡಿತಕ್ಕೆ ಬೇರೆ ಅರ್ಥ ಕೊಡುವುದು ಸುಲಭ.

ಮಾತಿನಿಂದ ಆಗದ ಕೆಲಸಗಳೂ ಇವೆ. ಬೆಳೆ ಒಣಗಿ ಸಾಲ ಮೈಮೇಲೆ ಬಂದವರಿಗೆ, ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಕ್ಕಳಿಗೆ ಒಳ್ಳೆಯ ಯೋಚನೆ ಮಾಡಿ ಎಂದು ಉಪದೇಶಿಸುವುದು ಅನ್ಯಾಯ. ಅವರಿಗೆ ಬೇಕಾದ್ದು ಕಾನೂನು, ಹಣ, ಜೊತೆಗೆ ನಿಲ್ಲುವ ಜನ. ವಾರಗಟ್ಟಲೆ ನಿದ್ದೆ ಊಟ ಸೇರದಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ, ಯಾರೂ ಇಲ್ಲದಾಗ ಬೇರೆಯವರ ದನಿ ಕಿವಿಗೆ ಬೀಳುತ್ತಿದ್ದರೆ ಒಬ್ಬರೇ ಒದ್ದಾಡುತ್ತಾ ಕೂರಬೇಡಿ, ವೈದ್ಯರ ಬಳಿ ಹೋಗಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿ ತೆರೆದಿರುತ್ತದೆ. ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.