ಬಣ್ಣದ ಮೀನಿನ ಅಂಗಡಿಯ ಆಮೆ: ಅದರ ಗುರುತು ಮತ್ತು ಪಾಲನೆ

ಚಾಂಪಿಯನ್ ರೀಫ್ಸ್, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳ ಸುತ್ತಲಿನ ಗ್ರಾಮಗಳಿಗೆ ಮಕ್ಕಳ ವಿನೋದಾರ್ಥವಾಗಿ ಬಣ್ಣದ ಮೀನಿನ ಅಂಗಡಿಗಳಿಂದ ಸಣ್ಣ ಆಮೆಗಳನ್ನು ತರುವುದುಂಟು. ಇವು “ಜಪಾನೀ ಆಮೆ” ಎಂಬ ಹೆಸರಿನಿಂದಲೂ, ಅಂಗೈಯಗಲಕ್ಕಿಂತ ಹೆಚ್ಚು ಬೆಳೆಯವೆಂಬ ಮಾತಿನಿಂದಲೂ ಮಾರಲ್ಪಡುವುವು. ಹೆಸರೂ ತಪ್ಪು, ಮಾತೂ ತಪ್ಪು. ಇದು ಅಮೆರಿಕಾ ಖಂಡದ ಮಿಸಿಸಿಪ್ಪಿ ನದೀಪ್ರಾಂತದ ಕೆಂಪುಕಿವಿಯ ಆಮೆ. ಬೆಳೆದ ಹೆಣ್ಣಿನ ಚಿಪ್ಪು 10 ರಿಂದ 12 ಅಂಗುಲ ಉದ್ದವಾಗಬಲ್ಲುದು. ಆಯುಸ್ಸು 20 ರಿಂದ 30 ವರ್ಷ.

ಗುರುತು: ಮೊದಲು ಕಾಲುಗಳನ್ನು ನೋಡತಕ್ಕದ್ದು. ಬೆರಳುಗಳ ನಡುವೆ ಪೊರೆಯಿದ್ದರೆ ಅದು ನೀರಿನ ಆಮೆ. ಕಾಲು ಆನೆಯ ಕಾಲಿನಂತೆ ಗುಂಡಗಿದ್ದು, ಉಬ್ಬಿದ ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ್ದರೆ ಅದು ನೆಲದ ಮೇಲೆ ಬಾಳುವ ನಕ್ಷತ್ರ ಆಮೆ. ಆಳದ ನೀರಿಗೆ ಬಿಟ್ಟರೆ ಮುಳುಗಿ ಸಾಯುವುದು. ಚಿಪ್ಪು ಚರ್ಮದಂತೆ ಮೆತ್ತಗಿದ್ದು, ಮೂತಿ ಹಂದಿಯ ಮೂತಿಯಂತೆ ಚಾಚಿದ್ದು, ಹಿಂಗಾಲುಗಳನ್ನು ಮುಚ್ಚುವ ಮಡಿಕೆಗಳು ಹೊಟ್ಟೆಯ ಕಡೆ ಇದ್ದರೆ ಅದು ನಮ್ಮ ಕೆರೆಗಳದೇ ಆದ ಮೆದುಚಿಪ್ಪಿನ ಆಮೆ. ಇವೆರಡನ್ನೂ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಮನೆಯಲ್ಲಿಡುವುದು ಅಪರಾಧವಾದುದರಿಂದ, ಕೂಡಲೆ ಅರಣ್ಯ ಇಲಾಖೆಗೆ ಒಪ್ಪಿಸತಕ್ಕದ್ದು. ಕೆಂಪುಕಿವಿಯ ಆಮೆಯ ಮರಿಯಾದರೋ ಹಸುರು ಬಣ್ಣದ ಗಟ್ಟಿ ಚಿಪ್ಪುಳ್ಳದ್ದು. ಕತ್ತಿನ ಮೇಲೆ ಹಳದಿ ಗೆರೆಗಳೂ, ಕಣ್ಣಿನ ಹಿಂದೆ ಕೆಂಪು ಪಟ್ಟೆಯೂ ಇರುವುವು. ವಯಸ್ಸಾದಂತೆ ಬಣ್ಣ ಮಾಸುವುದುಂಟು. ಈ ಲಕ್ಷಣಗಳಿಲ್ಲದ ಆಮೆಯನ್ನು ಅರಣ್ಯಾಧಿಕಾರಿಗಳಿಗೆ ತೋರಿಸದೆ ಇಟ್ಟುಕೊಳ್ಳಕೂಡದು.

ವಸತಿ: ಗಾಜಿನ ಬಟ್ಟಲು ಇದಕ್ಕೆ ಸಾಲದು. ಬೆಳೆದ ಆಮೆಗೆ 4-5 ಅಡಿ ಉದ್ದದ ಸಿಮೆಂಟಿನ ತೊಟ್ಟಿಯನ್ನು ಕಟ್ಟಿಸಿ, ಒಂದೂವರೆ ಅಡಿ ನೀರು ನಿಲ್ಲಿಸಿ, ಮೈ ಪೂರ್ತಿ ಒಣಗುವಂತೆ ಹತ್ತಿ ಕೂರಲು ಒಂದು ಚಪ್ಪಡಿಯನ್ನಿಡಬೇಕು. ಎಳೆಬಿಸಿಲು ನೇರವಾಗಿ ಬೀಳಬೇಕು. ಗಾಜಿನ ಮೂಲಕ ಬಂದ ಬಿಸಿಲಿನಿಂದ ಪ್ರಯೋಜನವಿಲ್ಲ. ಬಿಸಿಲೂ ಸುಣ್ಣದ ಅಂಶವೂ ಸಾಲದಿದ್ದರೆ ಚಿಪ್ಪು ಮೆತ್ತಗಾಗುವುದು. ತೊಟ್ಟಿಯ ಅರ್ಧ ಭಾಗಕ್ಕೆ ನೆರಳಿರಲಿ. ಕಾಗೆ, ಬೆಕ್ಕುಗಳು ಬಾರದಂತೆ ತಂತಿಯ ಬಲೆ ಹೊದಿಸಲಿ. ಸೊಪ್ಪು, ನೀರುಗಿಡ, ಎರೆಹುಳು, ಮುಳ್ಳುಸಹಿತವಾದ ಸಣ್ಣ ಮೀನು ಇದರ ಆಹಾರ. ಕೊಳೆತ ನೀರನ್ನು ಆಗಾಗ್ಗೆ ಬದಲಾಯಿಸಿ, ಗಿಡಗಳ ಬುಡಕ್ಕೆ ಹಾಕಬಹುದು, ತರಕಾರಿಗೆ ಬೇಡ. ಈ ಆಮೆಗಳಿಂದ ಸಾಲ್ಮೊನೆಲ್ಲಾ ಎಂಬ ಭೇದಿಯ ರೋಗಾಣು ಹರಡುವುದರಿಂದ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯತಕ್ಕದ್ದು. ಇದೇ ಕಾರಣದಿಂದ ಅಮೆರಿಕಾ ಸಂಯುಕ್ತ ಸಂಸ್ಥಾನವು 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಎಚ್ಚರಿಕೆ: ಬೆಳೆದು ಭಾರವಾದ ಆಮೆಯನ್ನು ಪುಣ್ಯಕಾರ್ಯವೆಂದು ಕೆರೆಗೆ ಬಿಡುವವರುಂಟು. ಇದರಿಂದ ಪುಣ್ಯವಲ್ಲ, ಹಾನಿ. ಪ್ರಪಂಚದ ಅತಿ ಹಾನಿಕಾರಕವಾದ 100 ಪರಕೀಯ ಜೀವಿಗಳ ಪಟ್ಟಿಯಲ್ಲಿ ಇದೂ ಒಂದು. ಐರೋಪ್ಯ ಒಕ್ಕೂಟವು 1997ರಲ್ಲಿ ಇದರ ಆಮದನ್ನು ತಡೆಯಿತು. ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಎಡೆಗಳನ್ನೂ ಇದು ಕಸಿದುಕೊಳ್ಳುವುದು. ಕೋಲಾರ ಜಿಲ್ಲೆಯ ಕೆರೆಗಳು ಸರಪಳಿಯಂತಿದ್ದು, ಒಂದರ ಕೋಡಿ ಮತ್ತೊಂದಕ್ಕೆ ಹರಿಯುವುದರಿಂದ, ಒಂದು ಕೆರೆಗೆ ಬಿಟ್ಟ ಪ್ರಾಣಿ ಕೆಳಗಿನ ಕೆರೆಗಳಿಗೂ ಸೇರಬಹುದು. 2018ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಅನೇಕ ಕೆರೆಗಳಿಗೆ ಬರುತ್ತಿರುವುದರಿಂದ, ಬೇಸಿಗೆಯಲ್ಲಿ ಕೆರೆ ಬತ್ತಿ ಇವು ನಾಶವಾಗುವುವೆಂದು ನಂಬುವಂತೆಯೂ ಇಲ್ಲ.

ಆದುದರಿಂದ ಗ್ರಾಮದ ಮುಖಂಡರೂ ಹಿಡುವಳಿದಾರರೂ ಈ ವಿಷಯವನ್ನು ಜನರಿಗೆ ತಿಳಿಯಹೇಳಿ, ಸಾಕಲಾರದವರು ಆಮೆಯನ್ನು ಸಾಕಬಲ್ಲವರಿಗೆ ಕೊಡುವಂತೆಯೂ, ಕೆರೆ ಬಾವಿಗಳಿಗೆ ಎಂದಿಗೂ ಬಿಡದಂತೆಯೂ ನೋಡಿಕೊಳ್ಳುವುದು ಅವಶ್ಯಕ.