ಕಾಗೆ ತನ್ನ ಹೆಸರನ್ನು ತಾನೇ ಕೂಗಿತೇ?

ಕಾಗೆಗೆ ಆ ಹೆಸರು ಬಂದದ್ದು ಅದರ ಕೂಗಿನಿಂದ ಎನ್ನಲು ಪಂಡಿತರೇ ಬೇಕಿಲ್ಲ ಅನಿಸುತ್ತದೆ. ಆದರೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಈ ಬಗ್ಗೆ ವಾದ ನಡೆದಿದೆ. ವೇದದ ಪದಗಳನ್ನು ಬಿಡಿಸಿ ಹೇಳುವ ‘ನಿರುಕ್ತ’ದಲ್ಲಿ ಯಾಸ್ಕ, ‘ಕಾಕ’ ಎಂಬುದು ಧ್ವನಿಯ ಅನುಕರಣೆ, ಹಕ್ಕಿಗಳ ಹೆಸರುಗಳಲ್ಲಿ ಇದು ಹೇರಳ ಎನ್ನುತ್ತಾನೆ. ಬೆನ್ನಿಗೇ ಔಪಮನ್ಯವ ಎಂಬ ಇನ್ನೊಬ್ಬ ಪಂಡಿತನ ತಕರಾರನ್ನೂ ಮುಂದಿಡುತ್ತಾನೆ: ಅನುಕರಣೆ ಎಂಬುದೇ ಇಲ್ಲ, ಓಡಿಸಬೇಕಾದ ಹಕ್ಕಿಯಾದ್ದರಿಂದ ಅದು ಕಾಕ. ನನ್ನ ಒಲವು ಯಾಸ್ಕನ ಕಡೆಗೆ.

ಕಿವಿಯಿಂದ ಹುಟ್ಟಿದ ಪದಕ್ಕೆ ತವರು ಹುಡುಕುವುದು ಕಷ್ಟ. ತಮಿಳಿನ ಕಾಕ್ಕೈ, ತೆಲುಗಿನ ಕಾಕಿ, ನಮ್ಮ ಕಾಗೆ ಸಂಸ್ಕೃತದ ಕಾಕನನ್ನು ಹೋಲುತ್ತವೆ ನಿಜ. ಆದರೆ ಕಾಗೆ ಎಲ್ಲರ ಅಂಗಳದಲ್ಲೂ ಕೂಗುತ್ತದಲ್ಲ! ಭಾರತದ ಆರ್ಯ, ದ್ರಾವಿಡ ಭಾಷೆಗಳು ಇಂಥ ಅನುಕರಣ ಪದಗಳನ್ನು ಹೇಗೆ ಹಂಚಿಕೊಂಡಿವೆ ಎಂದು ಭಾಷಾವಿಜ್ಞಾನಿ ಎಂ.ಬಿ. ಎಮೆನೊ 1969ರಲ್ಲಿ ಒಂದು ದೊಡ್ಡ ಲೇಖನವನ್ನೇ ಬರೆದರು.

ಹಾಗೆಂದು ಕೇಳಿದ್ದನ್ನು ನಾವು ಇದ್ದಂತೆಯೇ ಇಳಿಸಿಕೊಳ್ಳುವುದಿಲ್ಲ. ಮಾಡಿನ ಮೇಲೆ ಕೂತ ಕಾಗೆಯನ್ನು ಗಮನವಿಟ್ಟು ಕೇಳಿ. ಗಂಟಲು ಕಟ್ಟಿದಂಥ ಆ ಗೊಗ್ಗರು ದನಿಗೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ಇದ್ದ ಅಕ್ಷರಗಳಲ್ಲಿ ಹತ್ತಿರದ್ದನ್ನು ಹೆಕ್ಕಿ ‘ಕಾ’ ಎಂದೆವು.

ಹೀಗೆ ಹೆಕ್ಕಿಕೊಂಡ ಅಕ್ಷರ ಸತ್ತ ಉಚ್ಚಾರಣೆಗೂ ಸಾಕ್ಷಿ ಹೇಳಬಲ್ಲದು. ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸ್‌ನ ನಾಟಕಕಾರ ಕ್ರಾಟಿನಸ್ ಕುರಿಯ ಕೂಗನ್ನು ಬೀಟಾ, ಈಟಾ ಎಂಬ ಎರಡು ಅಕ್ಷರಗಳಲ್ಲಿ ಬರೆದ. ಇಂದಿನ ಗ್ರೀಕರ ಓದಿನಲ್ಲಿ ಅದು ‘ವೀ ವೀ’. ಯಾವ ಕುರಿಯೂ ಹಾಗೆ ಕೂಗದು! ಅಂದಮೇಲೆ ಆ ಕಾಲಕ್ಕೆ ಅದು ‘ಬೇ’ ಎಂಬುದಕ್ಕೆ ಹತ್ತಿರವಿದ್ದಿರಬೇಕು ಎಂದು ವಿದ್ವಾಂಸರು ತರ್ಕಿಸಿದರು. ಮನುಷ್ಯರ ನಾಲಿಗೆ ಬದಲಾಯಿತು, ಕುರಿಯದು ಬದಲಾಗಲಿಲ್ಲ. ಇಂದಿನ ಗ್ರೀಕರು ಅದೇ ಕೂಗಿಗೆ ಬೇರೆ ಅಕ್ಷರಗಳನ್ನು ಬಳಸುತ್ತಾರೆ.

ಕನ್ನಡದಲ್ಲೂ ಇಂಥದೇ ಒಂದು ಹಟವಿದೆ. ಹಳಗನ್ನಡದ ಪದಗಳ ಮೊದಲಲ್ಲಿದ್ದ ಪಕಾರ ಮುಂದೆ ಹಕಾರವಾಯಿತು. ಪುಲಿ ಹುಲಿಯಾಯಿತು, ಪಾವು ಹಾವಾಯಿತು, ಪಕ್ಕಿ ಹಕ್ಕಿಯಾಯಿತು. ಆದರೆ ಆ ಹಕ್ಕಿ ರೆಕ್ಕೆ ಬಡಿದರೆ ಈಗಲೂ ಪಟಪಟ ಎಂದೇ ಸದ್ದು. ‘ಹಟಹಟ’ ಎಂದು ಯಾರೂ ಅನ್ನುವುದಿಲ್ಲ. ನಿಯಮ ಹಕಾರದ ಕಡೆಗೆ ಎಳೆದರೂ ರೆಕ್ಕೆಯ ಸದ್ದು ದಿನವೂ ಕಿವಿಗೆ ಬೀಳುತ್ತಿತ್ತು, ಕೇಳಿದವರು ಪಕಾರವನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.